ಸುಗಂಧಿ ಕಾಯಿ ಬಿಟ್ಟ ವರ್ಷ

ಹೋದ ಕಾರ್ತಿಕದಲ್ಲಿ ಬನವಾಸಿ ಕಡೆಯ ಮದುವೆಯೊಂದನ್ನು ಮುಗಿಸಿ ಬರುವಾಗ ಗುಡ್ನಾಪುರದ ಕೆರೆಯ ಹತ್ತಿರ ನಮ್ಮ ಜೀಪು ನಿಂತುಬಿಟ್ಟಿತು. ಓಡಿಸುತ್ತಿದ್ದವನು ನನ್ನ ಅಣ್ಣನ ಮಗ. ಎಂಜಿನ್ ಕಾದಿದೆ, ಅರ್ಧ ಗಂಟೆ ಬಿಟ್ಟರೆ ಸರಿಯಾಗುತ್ತದೆ ಎಂದ. ಡೀಸೆಲ್ ಹಾಕಿಸಲು ಮರೆತು ಎಂಜಿನ್ ಮೇಲೆ ತಪ್ಪು ಹೊರಿಸುತ್ತಿದ್ದಾನೆ ಎಂದು ನನಗೆ ಅನಿಸಿತು. ಅವನು ಡಬ್ಬಿ ಹಿಡಿದು ಕೆರೆಗೆ ನೀರು ತರಲು ಹೋದಾಗಲೂ ನಾನು ಬಗ್ಗಿ ಡೀಸೆಲ್ ಮುಳ್ಳನ್ನು ನೋಡಿದೆ. ಮುಳ್ಳು ಅರ್ಧಕ್ಕಿಂತ ಮೇಲೆಯೇ ಇತ್ತು. ಮುಳ್ಳು ಕೆಟ್ಟಿರಬೇಕು ಎಂದುಕೊಂಡೆ.

ನಾನು ಹೀಗೆಯೇ. ಹಾಲಿನವಳು ಅಳೆಯುವಾಗ ಹಾಲನ್ನು ನೋಡದೆ ಅವಳ ಹೆಬ್ಬೆರಳನ್ನು ನೋಡುವವಳು. ಯಾರಾದರೂ ಸುಮ್ಮನೆ ನಕ್ಕರೆ ಯಾಕೆ ನಕ್ಕರು ಎಂದು ರಾತ್ರಿಯವರೆಗೆ ಯೋಚಿಸುವವಳು. ವಯಸ್ಸಾದ ಮೇಲೆ ಬಂದ ಗುಣವಲ್ಲ ಇದು, ಹುಟ್ಟಿನಿಂದಲೇ ಬಂದದ್ದು. ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ.

ಜೀಪಿನ ಮುಚ್ಚಳ ತೆರೆದಿಟ್ಟು ಅವನು ನೀರು ಹೊಯ್ಯುತ್ತಿದ್ದ. ಮನೆಗಳಲ್ಲಿ ದೀಪ ಹಚ್ಚುವ ಹೊತ್ತು. ಗಾಳಿ ಕೆರೆಯ ದಂಡೆಯಿಂದ ನಮ್ಮ ಕಡೆ ತಿರುಗಿತು, ಅದರ ಜೊತೆ ಸುಗಂಧಿ ಹೂವಿನ ಪರಿಮಳ ಬಂತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಈ ವಯಸ್ಸಿನಲ್ಲಿ ಒಂದು ಹೂವಿನ ವಾಸನೆಗೆ ಹೆದರುವುದೇ ಎಂದು ನನಗೆ ನಾನೇ ಬೈದುಕೊಂಡೆ. ಆದರೆ ನಾನು ಹೆದರಿದ್ದು ನಿಜ.

ಅರುವತ್ತೊಂದನೆಯ ಇಸವಿಯ ಮಳೆಗಾಲದ ಮಾತು. ಆಗ ನಾವು ಸಿದ್ದಾಪುರ ಪೇಟೆಯಲ್ಲಿದ್ದೆವು. ನಮ್ಮನೆಯವರು ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಕಲಿತದ್ದು ಮುಂಬೈ ಸರಕಾರದ ಕಾಲದಲ್ಲಿ, ಕೆಲಸ ಸಿಕ್ಕಿದ್ದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ. ಹೀಗಾಗಿ ಅವರ ಕಾಗದಪತ್ರ ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗುತ್ತಲೇ ಇತ್ತು, ನೌಕರಿ ಕಾಯಂ ಆಗಿರಲಿಲ್ಲ. ಹೆಡ್ಮಾಸ್ತರರು ಒಳ್ಳೆಯ ಮಾತು ಬರೆದು ಕಳಿಸಿದರೆ ಆಗುತ್ತದೆ ಎಂಬ ಆಸೆಯಲ್ಲಿದ್ದರು.

ಒಂದೇ ಮಾಡಿನ ಕೆಳಗೆ ಎರಡು ಮನೆ. ಒಂದು ನಮ್ಮದು, ಇನ್ನೊಂದು ನೀಲವ್ವನದು. ನಡುವೆ ಒಂದು ಗೋಡೆ, ಹಿತ್ತಲಲ್ಲಿ ಎದೆಮಟ್ಟದ ಮಣ್ಣಿನ ಪಾಗಾರ, ಪಾಗಾರದ ನಟ್ಟನಡುವೆ ಎರಡೂ ಮನೆಗೆ ಸೇರಿದ ಬಾವಿ. ನೀಲವ್ವ ನನ್ನದೇ ವಯಸ್ಸಿನವಳು, ಗುಡ್ನಾಪುರದ ಮಗಳು. ಹಣೆಗೆ ವಿಭೂತಿ, ಕೈತುಂಬ ಹಸಿರು ಬಳೆ, ಜೋರು ದನಿ. ಅವಳ ಗಂಡ ಪೇಟೆಯ ಭತ್ತದ ಗಿರಣಿಯಲ್ಲಿ ಉಗ್ರಾಣದ ಬೀಗದಕೈ ಇಟ್ಟುಕೊಂಡಿದ್ದ. ಆ ಬೀಗದಕೈ ಗೊಂಚಲು ಸೊಂಟದಲ್ಲಿ ಸದ್ದು ಮಾಡುತ್ತಿದ್ದರೆ ಅವನು ಬಂದನೆಂದು ಗೊತ್ತಾಗುತ್ತಿತ್ತು. ಆ ವರ್ಷ ಬೇಸಿಗೆಯಲ್ಲಿ ನನಗೆ ಜ್ವರ ಬಂದು ಹತ್ತು ದಿನ ಮಲಗಿದ್ದಾಗ ನಮ್ಮ ಮನೆಗೂ ಬಾವಿಯಿಂದ ನೀರು ಸೇದಿ ಹಾಕಿದವಳು ನೀಲವ್ವ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನಗೆ ಮುಖವಿರುವುದಿಲ್ಲ.

ಜ್ವರ ಬಿಟ್ಟ ಮೇಲೆ ಯಲ್ಲಾಪುರ ತಾಲ್ಲೂಕಿನ ನನ್ನ ತವರಿಗೆ ಹೋಗಿದ್ದೆ. ಆಯಿ, ಅಂದರೆ ನನ್ನ ಅಮ್ಮ, ತೀರಿಕೊಂಡು ಎರಡು ವರ್ಷವಾಗಿತ್ತು. ಬಚ್ಚಲ ನೀರು ಹರಿಯುವಲ್ಲಿ ಆಯಿಯ ಸುಗಂಧಿ ಹಿಂಡು ಇತ್ತು. ಅರಿಶಿನದ ಗಿಡದಂಥ ಎಲೆ, ನೆಲದೊಳಗೆ ಶುಂಠಿಯಂಥ ಗಡ್ಡೆ. ಬೇಸಿಗೆಯಲ್ಲಿ ಒಣಗಿ ನೆಲಕಚ್ಚಿದರೂ ಮಳೆ ಬಿದ್ದೊಡನೆ ಎದ್ದು, ಗೌರಿ ಹಬ್ಬದ ಸುಮಾರಿಗೆ ತುದಿಯಲ್ಲಿ ಬೆಳ್ಳನೆಯ ಹೂ ಬಿಡುತ್ತದೆ. ಹಗಲು ಸುರುಳಿ ಸುತ್ತಿ ಕೂತ ಮೊಗ್ಗು ಸಂಜೆಗೆ ಬಿಚ್ಚುತ್ತದೆ, ಬಿಚ್ಚಿದ ಮೇಲೆ ಮನೆಯೊಳಗೆ ಕೂತವರಿಗೂ ತಿಳಿಯುತ್ತದೆ. ನಾನು ಹೋದಾಗ ಅಣ್ಣ ಹೊಸ ಬಚ್ಚಲು ಕಟ್ಟಿಸಲು ಆ ಹಿಂಡನ್ನು ಅಗೆಸಿ ಎಸೆದಿದ್ದ. ಮಣ್ಣಿನ ರಾಶಿಯಲ್ಲಿ ಕೆದಕಿ ಕೆದಕಿ ಒಂದು ಗಡ್ಡೆ ಸಿಕ್ಕಿತು. ಅದರಲ್ಲಿ ಏಳು ಮೊಳಕೆಯ ಕಣ್ಣುಗಳಿದ್ದವು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಆಯಿಯದು ಎಂದು ನನ್ನ ಹತ್ತಿರ ಉಳಿದದ್ದು ಅಷ್ಟೇ. ಬಂಗಾರ ಅತ್ತಿಗೆಯ ಪಾಲಾಗಿತ್ತು, ಸೀರೆ ಹಂಚಿ ಹೋಗಿದ್ದವು.

ಗಿಡದ ವಿಷಯದಲ್ಲಿ ನಮ್ಮ ಕಡೆಯ ಹೆಂಗಸರ ಒಂದು ಕಟ್ಟಳೆ ಹೇಳಬೇಕು. ಹೂವಿನ ಗಿಡವನ್ನು ಕೇಳಿ ಪಡೆಯಬಾರದು, ಕೈಯಾರೆ ಕೊಡಲೂ ಬಾರದು. ಕೊಟ್ಟದ್ದು ಹತ್ತುವುದಿಲ್ಲ, ಕದ್ದದ್ದು ಹತ್ತುತ್ತದೆ. ಬೇಕಾದವಳು ಬಂದು ಗಿಡದ ಹತ್ತಿರ ಸುಳಿದಾಡುತ್ತಾಳೆ. ಮನೆಯವಳಿಗೆ ತಿಳಿಯುತ್ತದೆ. ಕೊಡುವ ಮನಸ್ಸಿದ್ದರೆ ಬೆನ್ನು ತಿರುಗಿಸಿ ನಿಲ್ಲುತ್ತಾಳೆ, ಇಲ್ಲದಿದ್ದರೆ ಎದುರಿಗೇ ನಿಂತು ಮಾತಾಡಿಸುತ್ತಲೇ ಇರುತ್ತಾಳೆ. ಒಯ್ದವಳು ತಿರುಗಿ ನೋಡಬಾರದು, ಮೊದಲ ಹೂ ಬಿಡುವ ತನಕ ಯಾರಿಗೂ ಹೇಳಬಾರದು. ಆಯಿ ಕೂಡ ಇದನ್ನು ಸೋಂದೆಯ ನೆಂಟರ ಮನೆಯ ಬಾವಿಕಟ್ಟೆಯಿಂದ ಹೀಗೆಯೇ ತಂದಿದ್ದು. ಮುಖ ನೋಡುತ್ತ ಮಾತಾಡಿಸುವ ಗುಂಪಿನಲ್ಲಿ ನನ್ನನ್ನು ಸೇರಿಸಬಹುದು. ನಾನು ಜನ್ಮದಲ್ಲಿ ಯಾರಿಗೂ ಬೆನ್ನು ತಿರುಗಿಸಿದವಳಲ್ಲ.

ಗಡ್ಡೆಯನ್ನು ಬಾವಿಯ ನೀರು ಸೋರುವ ಮೂಲೆಯಲ್ಲಿ ನೆಟ್ಟೆ. ಜೂನಿನ ಮಳೆಗೆ ಏಳೂ ಕಣ್ಣು ಒಡೆದು ಮೇಲೆ ಬಂದವು. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಎಣಿಸುತ್ತಿದ್ದೆ. ಆರಿದ್ರಾ ಮಳೆಯಲ್ಲಿ ಒಂದು ಬೆಳಿಗ್ಗೆ ಎಣಿಸಿದರೆ ಐದೇ. ಹಿಂಡಿನ ಒಂದು ತುದಿಯಲ್ಲಿ ಅಂಗೈ ಅಗಲದ ಗುಂಡಿ, ಅದರಲ್ಲಿ ಮಳೆನೀರು ತುಂಬಿತ್ತು. ಕತ್ತರಿಸಿದ ಗಡ್ಡೆಯ ಬಾಯಿ ಬೆಳ್ಳಗೆ ಕಾಣುತ್ತಿತ್ತು. ಹಂದಿ ಕೆದರಿದ್ದಲ್ಲ, ಹೆಗ್ಗಣದ ಕೆಲಸವಲ್ಲ. ಕತ್ತಿಯ ಗಾಯ ಅದು. ನಾನು ಅಲ್ಲೇ ಕೆಸರಿನಲ್ಲಿ ಕೂತು ಅತ್ತೆ.

ಆ ಹಿತ್ತಲಿಗೆ ಬರಲು ದಾರಿ ಎರಡೇ. ಒಂದು ನಮ್ಮ ಅಡಿಗೆಮನೆಯ ಬಾಗಿಲು, ಇನ್ನೊಂದು ಬಾವಿಕಟ್ಟೆ ದಾಟಿ ಪಕ್ಕದ ಮನೆಯಿಂದ. ನಮ್ಮ ಮನೆಯಲ್ಲಿ ಇದ್ದವರು ನಾವಿಬ್ಬರೇ. ಇನ್ನು ಯೋಚಿಸುವುದು ಏನಿದೆ?

ಅಂದಿನಿಂದ ನಾನು ನೀಲವ್ವನನ್ನು ನೋಡುವ ರೀತಿಯೇ ಬೇರೆಯಾಯಿತು. ಮಧ್ಯಾಹ್ನ ನೀರು ಸೇದುವಾಗ, ಯಾರೋ ನಮ್ಮ ಗಡ್ಡೆ ಕಿತ್ತುಕೊಂಡು ಹೋಗಿದ್ದಾರೆ ಎಂದೆ. ಅವಳು ಹೌದಾ ಎಂದಳು, ಕೊಡವನ್ನು ಬೇಗ ಬೇಗ ತುಂಬಿಕೊಂಡು ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು ಎಂಬುದು ವಾಸನೆಯಿಂದ ನನಗೂ ಗೊತ್ತಿತ್ತು, ಆದರೆ ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಇನ್ನೊಂದು ದಿನ ಅವಳ ಕತ್ತಿಗೆ ಕೆಂಪು ಮಣ್ಣು ಮೆತ್ತಿದ್ದು ಕಂಡೆ. ಸಿದ್ದಾಪುರದಲ್ಲಿ ಯಾರ ಕತ್ತಿಗೆ ತಾನೇ ಕೆಂಪು ಮಣ್ಣು ಮೆತ್ತಿರುವುದಿಲ್ಲ? ಅದೂ ಲೆಕ್ಕಕ್ಕೆ ಬರಲಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಅವಳು ತನ್ನ ಹಿತ್ತಲ ಮೂಲೆಗೆ ತೆಂಗಿನ ಗರಿಯ ತಟ್ಟಿ ಕಟ್ಟಿದಳು. ಯಾಕೆ ಎಂದು ಕೇಳಿದರೆ ಕೋಳಿ ಕೆದರುತ್ತವೆ ಎಂದಳು. ಆ ಕೇರಿಯಲ್ಲಿ ಕೋಳಿ ಸಾಕಿದವರು ಯಾರೂ ಇರಲಿಲ್ಲ.

ನಮ್ಮನೆಯವರ ಹತ್ತಿರ ಹೇಳಿಕೊಂಡೆ. ಅವರು ಪುಸ್ತಕದಿಂದ ತಲೆ ಎತ್ತದೆ, ಹೋಗ್ಲಿ ಬಿಡು, ಉಳಿದ ಐದು ಇದ್ದಲ ಎಂದರು. ಇವರಿಗೆ ಆಯಿಯ ಗಿಡ ಎಂದರೆ ಅಷ್ಟೇ ಎಂದು ನನಗೆ ಅವರ ಮೇಲೂ ಸಿಟ್ಟು ಬಂತು. ಅವರ ಕಿವಿ ಕೆಂಪಾದದ್ದನ್ನು ನಾನು ಕಂಡಿದ್ದೆ. ಚಿಮಣಿ ದೀಪದ ಬೆಳಕು ಇರಬೇಕು ಎಂದುಕೊಂಡೆ. ಊರಿನವರ ಹೆಬ್ಬೆರಳು ನೋಡುವವಳು ಮನೆಯವರ ಕಿವಿ ನೋಡಿ ಸುಮ್ಮನಾದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

ಶ್ರಾವಣ ಮುಗಿಯುತ್ತ ಬಂತು. ನಮ್ಮ ಗಿಡದಲ್ಲಿ ಮೊಗ್ಗಿನ ತೆನೆ ಕಟ್ಟಿತ್ತು. ಮೊದಲ ಹೂವನ್ನು ಆಯಿಯ ಹೆಸರಿನಲ್ಲಿ ಗೌರಿಗೆ ಏರಿಸಬೇಕೆಂದು ದಿನ ಎಣಿಸುತ್ತಿದ್ದೆ. ಹಬ್ಬಕ್ಕೆ ಇನ್ನೂ ಎಂಟು ದಿನ ಇರುವಾಗ ಒಂದು ಸಂಜೆ ದೇವರ ಮುಂದೆ ದೀಪ ಹಚ್ಚುತ್ತಿದ್ದೆ, ಪರಿಮಳ ಬಂತು. ಹಿತ್ತಲಿಗೆ ಓಡಿದೆ. ನಮ್ಮ ಮೊಗ್ಗು ಹಸಿರಾಗಿಯೇ ಇದ್ದವು. ಪರಿಮಳ ಬರುತ್ತಿದ್ದದ್ದು ಪಾಗಾರದ ಆಚೆಯಿಂದ. ಬಾವಿಕಟ್ಟೆ ಹತ್ತಿ ಕಾಲಬೆರಳ ಮೇಲೆ ನಿಂತು ನೋಡಿದರೆ ತಟ್ಟಿಯ ಹಿಂದೆ ಬೆಳ್ಳಗೆ ನಾಲ್ಕು ಹೂ.

ಈಗ ನೆನೆದರೆ ನಗು ಬರುತ್ತದೆ, ಅಳುವೂ ಬರುತ್ತದೆ. ನನ್ನ ಗಿಡದಿಂದ ಕದ್ದ ತುಂಡು ನನ್ನ ಗಿಡಕ್ಕಿಂತ ಮೊದಲು ಹೇಗೆ ಹೂ ಬಿಟ್ಟೀತು ಎಂದು ಯಾರಾದರೂ ಕೇಳಿಕೊಳ್ಳಬೇಕಿತ್ತು. ನಾನು ಕೇಳಿಕೊಂಡೆ ಕೂಡ. ಉತ್ತರವೂ ತಕ್ಷಣ ಹೊಳೆಯಿತು: ಕದ್ದ ಗಿಡ ಅಲ್ಲವೇ, ಅದಕ್ಕೇ ಇಷ್ಟು ಚೆನ್ನಾಗಿ ಬಂದಿದೆ.

ಗೌರಿಯ ದಿನ ನಮ್ಮ ಗಿಡದಲ್ಲೂ ಒಂದು ಹೂ ಬಿಚ್ಚಿತು. ಸಂಜೆ ಅರಿಶಿನ ಕುಂಕುಮಕ್ಕೆ ಓಣಿಯ ಆರೇಳು ಹೆಂಗಸರು ಬಂದಿದ್ದರು. ಗಿರಣಿ ಸಾಹುಕಾರರ ಹೆಂಡತಿಯೂ ಇದ್ದರು. ನನ್ನ ಒಂದು ಹೂ ಗೌರಿಯ ತಲೆಯ ಮೇಲಿತ್ತು. ಆಗ ನೀಲವ್ವ ಬಂದಳು. ಹೊಸ ಇಳಕಲ್ ಸೀರೆ, ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ. ಬಿಚ್ಚಿ ನನ್ನ ಮುಂದೆ ಇಟ್ಟಳು. ಸುಗಂಧಿಯ ದಂಡೆ, ಇಪ್ಪತ್ತು ಹೂವಾದರೂ ಇದ್ದಾವು. ಮುಖ ಬೀಗಿ ಹೋಗಿತ್ತು ಅವಳದು. ಅಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಈಗ ಹೇಳಬಹುದು ಎಂಬ ಖುಷಿ ಅದು ಎಂದು ಇವತ್ತು ತಿಳಿಯುತ್ತದೆ. ಅವತ್ತು ನನಗೆ ಕಂಡದ್ದು ಕಳ್ಳಿಯ ಧೈರ್ಯ.

ನಾನು ದಂಡೆಯನ್ನು ಮುಟ್ಟಲಿಲ್ಲ. ಎಲ್ಲರೂ ಕೇಳುವ ಹಾಗೆ ಹೇಳಿದೆ, "ಯನ್ನ ಆಯಿಯ ಹೂವ ಕದ್ದು ಯನ್ನ ಗೌರಿಗೇ ತಂದ್ಯನೇ ನೀಲವ್ವ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಜೋರು ದನಿಯವಳ ದನಿ ಸಣ್ಣದಾಯಿತು.

"ಇದು ನಿಮ್ಮದಲ್ರಿ ಅಕ್ಕಾರ. ನಮ್ಮವ್ವನ ಮನಿ ಗಡ್ಡಿ ಐತಿ. ಉಗಾದಿಗೆ ಹೋದಾಗ ಗುಡ್ನಾಪುರದಿಂದ ತಂದೀನಿ. ಮೊದಲ ಹೂ ಬಿಡೂತನಕಾ ಯಾರ ಮುಂದೂ ಹೇಳಬ್ಯಾಡ ಅಂದಿದ್ಲು ನಮ್ಮವ್ವ."

ಹಾಗಾದರೆ ಕೋಳಿಯ ಮಾತು ಯಾಕೆ ಹೇಳಿದೆ ಎಂದು ಕೇಳಿದೆ. ನನ್ನ ಕಣ್ಣು ತಾಗೀತು ಎಂದು ತಟ್ಟಿ ಕಟ್ಟಿದೆ ಎಂದು ಹಬ್ಬದ ದಿನ ಮುತ್ತೈದೆಯರ ಮುಂದೆ ಹೇಗೆ ಹೇಳಿಯಾಳು? ಸುಮ್ಮನಿದ್ದದ್ದೇ ಒಪ್ಪಿಕೊಂಡಂತೆ ಎಂದು ಎಲ್ಲರೂ ತಿಳಿದರು. ಅವಳು ಕುಂಕುಮ ತೆಗೆದುಕೊಳ್ಳದೆ ಹೊರಟಳು. ದಂಡೆ ಬಾಳೆ ಎಲೆಯಲ್ಲೇ ಉಳಿಯಿತು. ನಮ್ಮನೆಯವರು ಜಗುಲಿಯಲ್ಲಿ ಕೂತಿದ್ದರು, ಅವರಿಗೆ ಪ್ರತಿಯೊಂದು ಮಾತೂ ಕೇಳಿಸಿತ್ತು. ಅವರು ಎದ್ದು ಪೇಟೆಯ ಕಡೆ ನಡೆದರು.

ಗಿಡ ಕದ್ದರೆ ಕಳವಲ್ಲ ಎನ್ನುವ ಊರು ಅದು. ಆದರೆ ಕಳ್ಳಿ ಎಂಬ ಮಾತು ಒಮ್ಮೆ ಹೊರಬಿದ್ದರೆ ಯಾವುದನ್ನು ಕದ್ದದ್ದು ಎಂದು ಕೇಳುವವರು ಯಾರು? ಸಾಹುಕಾರರ ಹೆಂಡತಿ ಮನೆಗೆ ಹೋಗಿ ಹೇಳಿದರು. ಹೆಂಡತಿಯ ಕೈ ಅಂಥದಾದರೆ ಗಂಡನ ಹತ್ತಿರ ಉಗ್ರಾಣದ ಬೀಗದಕೈ ಹೇಗೆ ಇಡುವುದು ಎಂದು ಗಿರಣಿಯಲ್ಲಿ ಮಾತು ಹುಟ್ಟಿತು. ನವರಾತ್ರಿಗೆ ಮೊದಲೇ ಬೀಗದಕೈ ಗೊಂಚಲು ಅವನ ಸೊಂಟದಿಂದ ಹೋಯಿತು. ಚೀಲ ಹೊರುವ ಕೆಲಸ ಕೊಡುತ್ತೇವೆ ಎಂದರಂತೆ. ಅವನು ಒಲ್ಲೆನೆಂದ. ಸಂಜೆ ಆ ಮನೆಗೆ ಅವನು ಬಂದದ್ದು ಈಗ ಗೊತ್ತೇ ಆಗುತ್ತಿರಲಿಲ್ಲ. ನನಗೆ ಒಳಗೆ ಚುಚ್ಚಿತು. ಆದರೂ ತಪ್ಪು ಮಾಡಿದವರು ಅನುಭವಿಸಬೇಕು ಎಂದು ಸಮಾಧಾನ ಮಾಡಿಕೊಂಡೆ. ಕಾಮಾಲೆ ಕಣ್ಣಿನವರಿಗೆ ಸಮಾಧಾನವೂ ಹಳದಿಯೇ.

ಆ ಸಂಜೆಗಳಲ್ಲಿ ನನ್ನ ಹಿಂಡಿನ ತುಂಬ ಹೂವು. ಬೆಳಕು ಕಂದುವ ಹೊತ್ತಿಗೆ ಒಂದು ಪತಂಗ ಬರುತ್ತಿತ್ತು. ಹೆಬ್ಬೆರಳ ಗಾತ್ರದ ಮೈ, ಬೂದಿ ಬಣ್ಣದ ರೆಕ್ಕೆ. ಹೂವಿನ ಮೇಲೆ ಕೂರುತ್ತಿರಲಿಲ್ಲ, ಎದುರಿಗೆ ಗಾಳಿಯಲ್ಲೇ ನಿಂತು, ದಾರದಂಥ ಉದ್ದ ಸೊಂಡಿಲನ್ನು ಹೂವಿನ ಕೊಳವೆಗೆ ಇಳಿಬಿಡುತ್ತಿತ್ತು. ನಾಲ್ಕು ಹೂ ನೋಡಿ, ಪಾಗಾರ ಹಾರಿ ನೀಲವ್ವನ ಹಿತ್ತಲಿಗೆ ಹೋಗಿ, ಮತ್ತೆ ಇತ್ತ ಬರುತ್ತಿತ್ತು. ಇಲ್ಲಿಯ ಸುದ್ದಿ ಅಲ್ಲಿಗೆ ಒಯ್ಯುವ ಚಾಡಿಕೋರನ ಹಾಗೆ ಅನಿಸಿ, ಆ ಹುಳದ ಮೇಲೂ ನನಗೆ ಸಿಟ್ಟು ಬರುತ್ತಿತ್ತು. ಒಂದೆರಡು ಸಲ ಸೆರಗು ಬೀಸಿ ಓಡಿಸಿದೆ. ಅದು ಕೇಳಲಿಲ್ಲ.

ದೀಪಾವಳಿಗೆ ಒಂದು ವಾರವಿರುವಾಗ ಪಕ್ಕದ ಮನೆಯ ಮುಂದೆ ಚಕ್ಕಡಿ ನಿಂತಿತು. ಗುಡ್ನಾಪುರದಲ್ಲಿ ಅವಳ ತವರಿನವರ ಹೊಲವಿತ್ತು, ಅಲ್ಲಿಗೆ ಹೊರಟಿದ್ದರು. ನಾನು ಬಾವಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದೆ. ಎದ್ದು ಹೋಗಬೇಕೆಂದುಕೊಂಡೆ, ಅಷ್ಟರಲ್ಲಿ ಅವಳೇ ಬಂದು ಪಾಗಾರದ ಆಚೆ ನಿಂತಳು. ಅತ್ತಿರಲಿಲ್ಲ, ಬೈಯಲೂ ಇಲ್ಲ.

"ಗಿಡ ಇಲ್ಲೇ ಬಿಟ್ಟ ಹೊಂಟೀನ್ರಿ ಅಕ್ಕಾರ. ಕದ್ದದ್ದು ಅಂತ ಅನಸಿದ್ರ ಕಿತ್ತುಗೋರಿ. ಅಲ್ಲ ಅಂತ ಅನಸಿದ ದಿನ ಒಂದ ತಂಬಿಗಿ ನೀರ ಹಾಕ್ರಿ."

ಅಷ್ಟು ಹೇಳಿ ಹೋದಳು. ನಾನು ಪಾತ್ರೆ ತೊಳೆಯುತ್ತಲೇ ಇದ್ದೆ.

ಅವಳ ಗಿಡವನ್ನು ನಾನು ಕೀಳಲೂ ಇಲ್ಲ, ನೀರು ಹಾಕಲೂ ಇಲ್ಲ. ತುಳಸಿ ಹಬ್ಬದ ಹಿಂದಿನ ದಿನ ನಮ್ಮ ಹಿಂಡಿನ ಒಣ ಎಲೆ ತೆಗೆಯುತ್ತಿದ್ದೆ. ಹೂ ಬಿದ್ದುಹೋದ ತೆನೆಯಲ್ಲಿ ಏನೋ ಕೆಂಪಗೆ ಕಂಡಿತು. ನೋಡಿದರೆ ಕಾಯಿ. ಅಡಿಕೆಯಷ್ಟು ದಪ್ಪ, ಮೂರು ಸೀಳಾಗಿ ಒಡೆದು, ಒಳಗೆಲ್ಲ ಕಿತ್ತಳೆ ಬಣ್ಣ, ನಡುವೆ ಕುಂಕುಮದಲ್ಲಿ ಅದ್ದಿ ತೆಗೆದಂಥ ಬೀಜಗಳು. ಒಂದಲ್ಲ, ಏಳೆಂಟು. ಹುಟ್ಟಿದಾಗಿನಿಂದ ಸುಗಂಧಿಯ ಜೊತೆ ಬೆಳೆದವಳು ನಾನು, ಆಯಿಯ ಹಿಂಡಿನಲ್ಲಿ ಒಂದು ವರ್ಷವೂ ಕಾಯಿ ಕಂಡಿರಲಿಲ್ಲ. ನಮ್ಮನೆಯವರನ್ನು ಕರೆದೆ.

ಮಕ್ಕಳಿಗೆ ಪಾಠ ಹೇಳಿ ಹೇಳಿ ಅವರಿಗೆ ಒಂದು ಚಟ. ಯಾರಾದರೂ ಏನಾದರೂ ತೋರಿಸಿದರೆ ವಿವರಿಸದೆ ಇರಲಾರರು. ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ಮುಖ ಅರಳಿಸಿದರು. ಕೆಲವು ಗಿಡಗಳಿಗೆ ತಮ್ಮದೇ ಪರಾಗ ಆಗಿಬರುವುದಿಲ್ಲ, ಒಂದೇ ಗಡ್ಡೆಯಿಂದ ಒಡೆದ ಗಿಡ ಎಷ್ಟೇ ಇದ್ದರೂ ಅವೆಲ್ಲ ಒಂದೇ ಗಿಡವಿದ್ದ ಹಾಗೆ, ಅದಕ್ಕೇ ನಿನ್ನ ಆಯಿಯ ಮನೆಯಲ್ಲಿ ಕಾಯಿ ಆಗಿರಲಿಲ್ಲ ಎಂದರು. ಬೇರೆ ವಂಶದ ಗಿಡ ಹತ್ತಿರದಲ್ಲಿ ಹೂ ಬಿಟ್ಟು, ಪತಂಗ ಅದರ ಪರಾಗ ತಂದರೆ ಮಾತ್ರ ಹೀಗೆ ಆಗುವುದು. ಅವರು ಪಾಗಾರದ ಕಡೆ ಕೈ ತೋರಿಸಿದರು.

"ಅಂದ್ರೆ ಅವರ ಗಿಡ ನಮ್ಮ ಗಡ್ಡೆದಲ್ಲ ಹೇಳಿ..."

ಅಲ್ಲಿಗೆ ನಿಲ್ಲಿಸಿದರು. ಎತ್ತಿದ ಕೈ ಹಾಗೇ ಇತ್ತು. ಕಿವಿ ಎರಡೂ ಕೆಂಪಾಗಿದ್ದವು. ಬೆಳಗಿನ ಹತ್ತು ಗಂಟೆ, ಈ ಸಲ ಚಿಮಣಿ ದೀಪ ಇರಲಿಲ್ಲ.

"ಹಂಗಾರೆ ನಮ್ಮ ಗಡ್ಡೆ ತಗಂಡವು ಯಾರು?" ಎಂದೆ.

"ಆನೇ" ಎಂದರು. ನಾನೇ ಎಂದು.

ಹೆಡ್ಮಾಸ್ತರರ ಹೆಂಡತಿಗೆ ಹೂವಿನ ಹುಚ್ಚು. ಇವರು ಶಾಲೆಯಲ್ಲಿ ಎಲ್ಲೋ ನಮ್ಮ ಸುಗಂಧಿಯ ಸುದ್ದಿ ಹೇಳಿದ್ದಾರೆ. ಆಕೆ, ಕೇಳಿ ತರಬೇಡಿ ಮಾಸ್ತರೇ, ಕೊಟ್ಟದ್ದು ಹತ್ತುವುದಿಲ್ಲ, ಕದ್ದೇ ತನ್ನಿ, ಹೂ ಬಿಡುವ ತನಕ ಮನೆಯಲ್ಲಿ ಹೇಳಬೇಡಿ ಎಂದಿದ್ದಾರೆ. ಕಾಯಂ ಆಗುವ ಕಾಗದ ಹೆಡ್ಮಾಸ್ತರರ ಮೇಜಿನ ಮೇಲಿತ್ತು. ಇವರು ತಮ್ಮ ಮನೆಯಲ್ಲಿ ತಾವೇ ಕತ್ತಿ ಹಿಡಿದು ಕಳ್ಳತನ ಮಾಡಿದರು. ಆ ತುಂಡುಗಳು ಆಕೆಯ ಕುಂಡದಲ್ಲಿ ಕೊಳೆತು ಹೋದವಂತೆ. ಗೌರಿಯ ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಅಷ್ಟು ಜನರ ಮುಂದೆ ಹೇಗೆ ಹೇಳುವುದು ಎಂದರು. ಮರುದಿನ? ಮರುದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಿದ್ದೆ ಎಂದರು. ನಿಜ, ಕೇಳುತ್ತಿದ್ದೆ. ಆ ಮನುಷ್ಯ ಕೆಟ್ಟವರಲ್ಲ, ಪುಕ್ಕಲು. ಆಮೇಲೆ ಮೂವತ್ತು ವರ್ಷ ಅವರ ಜೊತೆ ಬಾಳಿದೆ, ಚೆನ್ನಾಗಿಯೇ ಬಾಳಿದೆ. ಆದರೆ ಅವರ ಕಿವಿ ನೋಡುವುದನ್ನು ಮಾತ್ರ ಬಿಡಲಿಲ್ಲ.

ಅವತ್ತೇ ಅವರನ್ನು ಗಿರಣಿಗೆ ಕಳಿಸಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳದೆ ಮನೆಗೆ ಬರಬೇಡಿ ಎಂದೆ. ಹೇಳಿ ಬಂದರು. ಒಂದು ಗಡ್ಡೆಗೆ ಇಷ್ಟೆಲ್ಲ ಆಯಿತೇ ಎಂದು ಸಾಹುಕಾರರು ನಕ್ಕರಂತೆ. ಉಗ್ರಾಣಕ್ಕೆ ಅಷ್ಟರಲ್ಲಿ ಬೇರೆಯವರು ಬಂದಿದ್ದರು. ನಾನು ಬಾವಿಯಿಂದ ನೀರು ಸೇದಿ, ಪಾಗಾರ ದಾಟಿ ಹೋಗಿ, ನೀಲವ್ವನ ಗಿಡಕ್ಕೆ ಹೊಯ್ದೆ. ಒಂದು ತಂಬಿಗೆ ಎಂದಿದ್ದಳು. ಎಷ್ಟು ಕೊಡ ಹೊಯ್ದೆನೋ ನೆನಪಿಲ್ಲ.

ಗುಡ್ನಾಪುರಕ್ಕೆ ಎರಡು ಕಾರ್ಡು ಬರೆದೆ. ಉತ್ತರ ಬರಲಿಲ್ಲ. ಕೆಂಪು ಬೀಜಗಳನ್ನು ಒಡೆದ ಮಡಕೆಯಲ್ಲಿ ಬಿತ್ತಿದೆ. ಎದ್ದದ್ದು ಮೂರು ಸಸಿ, ಉಳಿದದ್ದು ಒಂದು. ನಮ್ಮ ಆಯಿಯ ಗಿಡಕ್ಕೂ ಅವಳ ಅವ್ವನ ಗಿಡಕ್ಕೂ ಹುಟ್ಟಿದ ಮಗು ಅದು. ಅದು ಹೂ ಬಿಡಲು ಮೂರು ವರ್ಷ ತೆಗೆದುಕೊಂಡಿತು. ಅಷ್ಟು ಹೊತ್ತಿಗೆ ನಮಗೆ ಶಿರಸಿಗೆ ವರ್ಗವಾಗಿತ್ತು, ಮಡಕೆಯೂ ಜೊತೆಗೆ ಬಂದಿತ್ತು. ಮೊದಲ ಹೂ ಬಿಟ್ಟ ಮರುದಿನ ಅದರ ಬುಡದಿಂದ ಒಂದು ತುಂಡು ಗಡ್ಡೆ, ಚಿಗುರಿನ ಸಮೇತ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬನವಾಸಿ ಬಸ್ಸು ಹತ್ತಿದೆ.

ಕೆರೆಯ ದಂಡೆಯಲ್ಲಿ ಅವಳ ಮನೆ. ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ನನ್ನನ್ನು ಕಂಡು, ಕೈಯಲ್ಲಿದ್ದ ಹುಲ್ಲನ್ನು ಪೂರ್ತಿ ಹಾಕಿ ಮುಗಿಸಿ, ಬರ್ರಿ ಎಂದಳು. ಕಟ್ಟೆಯ ಮೇಲೆ ಕೂರಿಸಿ ಬೆಲ್ಲ, ನೀರು ತಂದಿಟ್ಟಳು. ಒಳಗೆ ಕರೆಯಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಪತಂಗದ ವಿಷಯ, ಕಾಯಿಯ ವಿಷಯ, ನಮ್ಮನೆಯವರ ವಿಷಯ. ತಪ್ಪಾಯಿತು ಎಂದೆ. ಅವಳು ಕಾಯಿಯ ಮಾತನ್ನು ಎರಡು ಸಲ ಕೇಳಿದಳು. ಈ ದಂಡೆಯ ಮೇಲೆ ಇರುವುದೆಲ್ಲ ಅವಳ ಅವ್ವ ನೆಟ್ಟ ಒಂದೇ ಗಡ್ಡೆಯದು, ಇಲ್ಲಿ ಹೂ ಅಷ್ಟೇ, ಕಾಯಿ ಯಾರೂ ಕಂಡಿಲ್ಲ ಎಂದಳು. ಆಮೇಲೆ ಕೆರೆಯ ಕಡೆ ನೋಡುತ್ತ ಹೇಳಿದಳು.

"ಅಷ್ಟ ಮಂದಿ ಇದ್ರಲ್ರಿ ಅಕ್ಕಾರ ಅವತ್ತ. ಕಡೀಕ ಒಂದು ಹುಳ ಬಂದು ನನ್ನ ಸಾಕ್ಷಿ ಹೇಳಬೇಕಾತು."

ನಾನು ಬಟ್ಟೆ ಬಿಚ್ಚಿ ಗಡ್ಡೆಯನ್ನು ಅವಳ ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ. ಕೊಟ್ಟದ್ದು ಹತ್ತುವುದಿಲ್ಲ ಎಂದಳು. ಕಟ್ಟಳೆಗಾಗಿ ಹೇಳಿದಳೋ, ನನ್ನ ಕೈಯಿಂದ ಬೇಡವೆಂದು ಹೇಳಿದಳೋ, ನನಗೆ ತಿಳಿಯಲಿಲ್ಲ. ಹೊರಟೆ. ಹಿತ್ತಲ ಕಲ್ಲುಪಾಗಾರದ ಹತ್ತಿರ ಬಂದಾಗ ಗಡ್ಡೆಯನ್ನು ಕಲ್ಲಿನ ಮೇಲೆ ಇಟ್ಟು, ಇನ್ನು ಬರುತ್ತೇನೆ ಎಂದು ಕೂಗಿ ಹೇಳಿ, ಅವಳ ಕಡೆ ಬೆನ್ನು ಮಾಡಿ ನಿಂತೆ. ಜನ್ಮದಲ್ಲಿ ಮೊದಲ ಸಲ. ನೂರು ಎಣಿಸುವಷ್ಟು ಹೊತ್ತು ನಿಂತಿದ್ದು, ತಿರುಗಿ ನೋಡದೆ ಬಸ್ಸಿನ ದಾರಿ ಹಿಡಿದೆ.

ಎಷ್ಟೋ ವರ್ಷ ಅದೇ ಯೋಚನೆ. ಅವಳು ತೆಗೆದುಕೊಂಡಳೋ, ಎಮ್ಮೆ ತಿಂದಿತೋ, ಬಿಸಿಲಿಗೆ ಒಣಗಿತೋ. ನನ್ನ ಬುದ್ಧಿ ನಿಮಗೆ ಗೊತ್ತಾಗಿದೆಯಲ್ಲ, ಎಮ್ಮೆ ತಿಂದಿತು ಎಂದೇ ನಂಬಿದ್ದೆ. ನೀಲವ್ವ ತೀರಿಕೊಂಡ ಸುದ್ದಿ ಬನವಾಸಿಯ ಯಾರೋ ಹೇಳಿ ತಿಳಿಯಿತು. ಆ ಕಡೆ ಮತ್ತೆ ಹೋಗಲಿಲ್ಲ.

ಹೋದ ಕಾರ್ತಿಕದ ಆ ಸಂಜೆ ಜೀಪಿನಿಂದ ಇಳಿದು ಪರಿಮಳದ ಹಿಂದೆ ನಡೆದೆ. ಕಲ್ಲುಪಾಗಾರ ಅದೇ ಇತ್ತು, ಒಳಗಿನ ಮನೆ ಹೊಸದು. ಪಾಗಾರದ ಉದ್ದಕ್ಕೂ ಸುಗಂಧಿ, ಕೊನೆಯ ಹೂಗಳು. ಒಂದು ಪತಂಗ ಹೂವಿನಿಂದ ಹೂವಿಗೆ ಸರಿಯುತ್ತಿತ್ತು. ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಿ ಎಲೆ ಸರಿಸಿದೆ. ತೆನೆಯ ತುಂಬ ಕಾಯಿ. ಮೂರು ಸೀಳಾಗಿ ಒಡೆದು, ಕೆಂಪು ಬೀಜ ತೋರಿಸುತ್ತ.

ಬೇರೆ ಯಾರೋ ಬೇರೆ ಎಲ್ಲಿಂದಲೋ ಇನ್ನೊಂದು ಗಡ್ಡೆ ತಂದಿರಬಹುದಲ್ಲ ಎಂದು ಒಳಗಿನಿಂದ ಒಂದು ದನಿ ಎದ್ದಿತು. ಎದ್ದೇ ಏಳುತ್ತದೆ ಅದು. ಸುಮ್ಮನಿರು ಎಂದೆ.

ಒಂದು ಕಾಯಿಗೆ ಕೈ ಹಾಕಿದಾಗ ಯಾರೋ ಬಂದ ಸದ್ದಾಯಿತು. ತಲೆ ಎತ್ತಿದೆ. ಹಿತ್ತಲ ಬಾಗಿಲಲ್ಲಿ ಒಬ್ಬ ಹೆಂಗಸು, ನಡುವಯಸ್ಸಿನವಳು, ಕೈಯಲ್ಲಿ ದೀಪ. ನೀಲವ್ವನ ಸೊಸೆಯೋ ಮಗಳೋ ಇರಬೇಕು. ಪಾಗಾರದ ಈಚೆ ನಿಂತು ತನ್ನ ಗಿಡಕ್ಕೆ ಕೈ ಹಾಕಿದ ಗುರುತಿಲ್ಲದ ಮುದುಕಿಯನ್ನು ಅವಳು ನೋಡಿದಳು. ದೀಪವನ್ನು ಕಟ್ಟೆಯ ಮೇಲಿಟ್ಟು, ನನ್ನ ಕಡೆ ಬೆನ್ನು ತಿರುಗಿಸಿ ನಿಂತಳು.